ಎರಡು ಇಂಚು ಗಿಡ್ಡ ತೋಳು

"ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ಕಂಪ್ಯೂಟರ್ ಮುಟ್ಟಿದ್ರೆ ಇನ್ನೇನಾಗುತ್ತೆ? ಕಣ್ತುಂಬ ನೋಡಿ ಎಲ್ಲರೂ!"

ಟೈಲರ್ ಕೂಗಿದ ರಭಸಕ್ಕೆ ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿದರು. ಕನ್ನಡಿಯ ಮುಂದೆ ಬ್ಯಾಂಡ್ ಮೇಷ್ಟ್ರು ಹೊಸ ಸಮವಸ್ತ್ರ ತೊಟ್ಟು ನಿಂತಿದ್ದರು. ತೋಳು ಮಣಿಕಟ್ಟಿಗಿಂತ ಎರಡು ಇಂಚು ಮೇಲೆ. ಬೈಸಿಕೊಂಡವನು ಇನ್ನೂ ಬಾಗಿಲಲ್ಲೇ ಇದ್ದ. ಪಕ್ಕದ ಬೀದಿಯ ಲೇತ್ ಅಂಗಡಿಯಲ್ಲಿ ಕಬ್ಬಿಣ ಕಡೆಯುವವನು. ಹೇಳಿಕಳಿಸಿ ಕರೆಸಿದ್ದರು; ಕೈಗೆ ಮೆತ್ತಿದ ಎಣ್ಣೆ ಒರೆಸಿಕೊಳ್ಳಲೂ ಪುರಸೊತ್ತು ಕೊಟ್ಟಿರಲಿಲ್ಲ. ಅವನ ಮೈಯೆಲ್ಲ ಉರಿಯಿತು.

"ನಾನೂ ನಮ್ಮ ಟ್ರಂಪೆಟ್‌ನವರೂ ಎಲ್ಲ ಅಗಲ ಭುಜದ ಆಳುಗಳು. ಹನ್ನೆರಡು ಜನಕ್ಕೂ ಇದೇ ಗತಿ," ಎಂದರು ಮೇಷ್ಟ್ರು. "ನಾಡಿದ್ದು ಕಾರ್ಯಕ್ರಮ. ತಮ್ಮನ ಅಂಗಿ ಅಣ್ಣ ತೊಟ್ಟ ಹಾಗೆ ಕಾಣ್ತೀವಲ್ಲಪ್ಪ!"

ಅಳತೆ ಕೊಟ್ಟರೆ ಬಟ್ಟೆ ಕತ್ತರಿಸುವ ನಕ್ಷೆ ತೆಗೆದುಕೊಡುವ ಸಾಫ್ಟ್‌ವೇರ್ ನಂಬಿ ಟೈಲರ್ ಇವನ್ನು ಹೊಲಿದಿದ್ದ. ಲೇತಿನವನು ಅದನ್ನು ಬಿಡುವಿನಲ್ಲಿ ಬರೆದು ಲೋಕಕ್ಕೆಲ್ಲ ಪುಕ್ಕಟೆ ಬಿಟ್ಟಿದ್ದ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಿ ಕಳಿಸಬಹುದು. ಬಂದದ್ದನ್ನು ಪರೀಕ್ಷಿಸಿ ಸೇರಿಸುವುದು ಅವನ ಕೆಲಸ. ಸಂಬಳವಿಲ್ಲ, ಬೈಗುಳ ಬೇಕಾದಷ್ಟು.

'ದಾನದ ಎಮ್ಮೆಯ ಹಲ್ಲು ಎಣಿಸ್ತೀರಲ್ಲ ಭಾವ' ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಕಂಪ್ಯೂಟರಿನ ಮುಂದೆ ಕೂತ. ಟೈಲರ್ ಹೆಂಡತಿಯನ್ನು ಅಕ್ಕ ಎಂದ ಮೇಲೆ ಟೈಲರ್ ಭಾವನಾಗಲೇಬೇಕಲ್ಲ! ಅಕ್ಕ ಮೂಲೆಯಲ್ಲಿ ಅಂಗಿಗೆ ಕಾಜ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

ತಪ್ಪು ಐದೇ ನಿಮಿಷಕ್ಕೆ ಸಿಕ್ಕಿತು. ಅಗಲ ಭುಜದವರಿಗೆ ತೋಳು ಉದ್ದವಾಗುತ್ತದೆಂದು ಎರಡು ಸಾಲು ಸೇರಿದ್ದವು: ಎಡತೋಳಿಗೆ ಎರಡಿಂಚು ಕಡಿಮೆ, ಬಲತೋಳಿಗೆ ಎರಡಿಂಚು ಕಡಿಮೆ. ಆದರೆ ಬಟ್ಟೆ ಮಡಚಿ ಎರಡೂ ತೋಳನ್ನು ಒಟ್ಟಿಗೇ ಕತ್ತರಿಸುವುದಲ್ಲವೇ? ಒಂದೊಂದು ಸಾಲೂ ಎರಡೂ ತೋಳಿಗೆ ತಗಲಿ, ಎರಡಿಂಚು ಹೋಗಬೇಕಾದಲ್ಲಿ ನಾಲ್ಕಿಂಚು ಹೋಗಿತ್ತು. ಪಕ್ಕದಲ್ಲಿ ಕಳಿಸಿದವರ ಹೆಸರಿತ್ತು. ಅಕ್ಕನದು! ಗಿರಾಕಿಗಳ ಅಳತೆ ತುಂಬುತ್ತಿದ್ದಾಳೆಂದು ಗಂಡ ತಿಳಿದಿದ್ದ. ಅವಳು ಆರು ತಿಂಗಳಿಂದ ಇದೇ ಕುರ್ಚಿಯಲ್ಲಿ ಕೂತು ಲೇತಿನವನಿಂದ ಪ್ರೋಗ್ರಾಂ ಬರೆಯುವ ಪಾಠ ಹೇಳಿಸಿಕೊಳ್ಳುತ್ತಿದ್ದಳು. ತಾನಾಗಿ ಬರೆದದ್ದು ಇದೇ ಮೊದಲು. ಈಗ ಹೆಸರು ಹೊರಬಿದ್ದರೆ ಇಷ್ಟು ಜನರೆದುರು ಅವಳಿಗೂ ಇದೇ ಮಂಗಳಾರತಿ. ಆಮೇಲೆ ಅವಳು ಕಂಪ್ಯೂಟರ್ ಮುಟ್ಟಿದ ಹಾಗೇ ಇದೆ!

ಒಂದು ಸಾಲು ಅಳಿಸಿದ. "ಸರಿಯಾಯ್ತು. ತಪ್ಪು ನಂದೇ."

"ಯಾರು ಏನು ತಿದ್ದಿದ್ರು ಅಂತ ಅದರಲ್ಲೇ ಬರೆದಿರುತ್ತಂತೆ, ನನ್ನ ಮಗಳು ಹೇಳ್ತಿದ್ಲು," ಎಂದರು ಮೇಷ್ಟ್ರು. "ಹೆಸರು ಓದು, ನೋಡೋಣ."

"ಓದಲ್ಲ. ಸೇರಿಸಿದವನು ನಾನು. ಬೈಯೋದಿದ್ರೆ ನನ್ನನ್ನೇ ಬೈಯಿರಿ."

"ಓದೋ ಲೇಯ್!" ಟೈಲರ್ ಮೇಜು ಗುದ್ದಿದ. "ಯಾವ ಅಡ್ಡಕಸುಬಿ ಅಂತ ತಿಳೀಲಿ. ಅವನ ಕೈ ಮುರೀದಿದ್ರೆ ನಾನು ಟೈಲರ್ರೇ ಅಲ್ಲ!"

ಅಕ್ಕ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು ಎದ್ದು ಬಂದಳು. ಎರಡೂ ಕೈ ಗಂಡನ ಮುಂದೆ ಚಾಚಿದಳು.

"ತಗೊಳ್ಳಿ, ಮುರೀರಿ. ನಾಳೆಯಿಂದ ಕಾಜ ನೀವೇ ಹಾಕ್ಕೊಳ್ಳಿ."

ಟೈಲರ್ ಆ ಕೈಗಳನ್ನೂ ಕಂಪ್ಯೂಟರನ್ನೂ ತಿರುತಿರುಗಿ ನೋಡಿದ. ಗಿರಾಕಿಯೊಬ್ಬ ಸುಮ್ಮಸುಮ್ಮನೆ ಕೆಮ್ಮಿದ.

"ನೀನಾ? ಇದನ್ನ... ನೀನು ಬರೆದೆಯಾ?"

"ಬರೆದೆ. ಮೂವತ್ತು ವರ್ಷ ಬಟ್ಟೆ ಮಡಚಿದವಳು ಮಡಿಕೇನೇ ಮರೆತೆ! ಮೇಷ್ಟ್ರೇ, ತೋಳಿನ ತುದಿಗೆ ಕೆಂಪು ಪಟ್ಟಿ ಜೋಡಿಸಿ ಕೊಡ್ತೀನಿ, ನಾಡಿದ್ದಿನೊಳಗೆ. ಬ್ಯಾಂಡಿನವರಿಗೆ ಒಪ್ಪುತ್ತೆ."

ಟೈಲರ್ ಪರದೆಯ ಹತ್ತಿರ ಬಗ್ಗಿ, ಹೆಂಡತಿಯ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದ. ಮತ್ತೆ ನೆಟ್ಟಗೆ ನಿಂತಾಗ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಗಿತ್ತು.

"ನೋಡಿದ್ರಾ ಮೇಷ್ಟ್ರೇ? ನಮ್ಮ ಮನೆಯವಳು! ಒಬ್ಬಳೇ ಬರೆದಿದ್ದಾಳೆ!" ಎಂದವನು ಮರುಕ್ಷಣ ಲೇತಿನವನತ್ತ ತಿರುಗಿ ಗುಡುಗಿದ: "ಅವಳೇನೋ ಹೊಸಬಳು, ಪಾಪ. ನೋಡಿ ಸೇರಿಸೋನು ನೀನಲ್ವೇನೋ? ಆಗ ನಿನ್ನ ಕಣ್ಣು ಎಲ್ಲಿತ್ತು?"

ಕಣ್ಣು ಆ ಹೆಸರಿನ ಮೇಲೇ ಇತ್ತು. ಅಕ್ಕ ಕಳಿಸಿದ್ದಾಳೆಂಬ ಹಿಗ್ಗಿಗೆ ಲೇತ್ ನಿಲ್ಲಿಸಿ ಒಂದು ಸುತ್ತು ಕುಣಿದು, ಅಳತೆ ಹಾಕಿ ನೋಡದೆಯೇ ಸೇರಿಸಿಬಿಟ್ಟಿದ್ದ. ಇದನ್ನೆಲ್ಲ ನಾಲ್ಕು ಜನರ ಮುಂದೆ ಹೇಳಲಾದೀತೇ? ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.