ಊದಿನಕಡ್ಡಿಯ ಹೊಗೆ

ಇಂಜಿನ್ ಓಡುತ್ತಿರುವಾಗಲೇ ಶೇಖರಮ್ಮ ಊದಿನಕಡ್ಡಿ ಹಚ್ಚಿಕೊಂಡು ತನ್ನ ಭತ್ತ ಕೊಯ್ಯುವ ಯಂತ್ರ ಹತ್ತಿದಳು. ಹೊಸ ಸೈಲೆನ್ಸರಿಗೆ ಪೂಜೆ ಇರಬೇಕೆಂದುಕೊಂಡು, ಅದನ್ನು ಕೂರಿಸಿದ ಮೆಕ್ಯಾನಿಕ್ ಶರಣಕುಮಾರ ಚಪ್ಪಲಿ ಬಿಟ್ಟು ಕೈಮುಗಿದ. ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಪಕ್ಕದಲ್ಲಿ ಎಲ್ಲೋ ಸುಂಯ್ ಅನ್ನುತ್ತಿದ್ದ ಬಿಸಿಗಾಳಿಯ ಸೋರಿಕೆ ಬೆಳಗಿನಿಂದ ಹುಡುಕಿದರೂ ಅವನಿಗೆ ಸಿಕ್ಕಿರಲಿಲ್ಲ. ಆ ಬಿಸಿಗಾಳಿ ಒಣಹುಲ್ಲಿಗೆ ತಾಗಿದರೆ ಗದ್ದೆಗೇ ಬೆಂಕಿ.

ಶೇಖರಮ್ಮ ಕಡ್ಡಿಯನ್ನು ಆರತಿಯಂತೆ ಬೆಳಗಲಿಲ್ಲ. ಉಸಿರು ಬಿಗಿಹಿಡಿದು, ಪೈಪಿನ ಒಂದೊಂದೇ ಜೋಡಣೆಯ ಹತ್ತಿರ ಅದನ್ನು ಒಯ್ದು ನಿಲ್ಲಿಸಿದಳು. ಗಾಳಿಯಿಲ್ಲದ ಶೆಡ್ಡಿನಲ್ಲಿ ಹೊಗೆ ನೂಲಿನಂತೆ ನೆಟ್ಟಗೆ ಏರುತ್ತಿತ್ತು. ಟರ್ಬೊದ ಕೆಳಗಿನ ಜೋಡಣೆಗೆ ಬಂದದ್ದೇ ಆ ನೂಲು ಪಟ್ಟನೆ ಮುರಿದು ಶರಣಕುಮಾರನ ಮುಖಕ್ಕೆ ಹಾರಿತು.

"ಇಲ್ಲಿ ಐತಿ ನೋಡು. ರೈಸ್‌ಮಿಲ್ಲಿನ್ಯಾಗ ಕೆಲಸಕ್ಕಿದ್ದಾಗ ಬಾಯ್ಲರ್ ಪೈಪ್ ಸೋರಿದ್ರೂ ನಾವು ಹಿಂಗ ಹಿಡೀತಿದ್ವಿ."

ಶರಣಕುಮಾರನ ಮುಗಿದ ಕೈ ಹಾಗೇ ಇತ್ತು.

"ಅಮ್ಮಾರ, ನಾ ಪೂಜಿ ಅಂದ್ಕೊಂಡಿದ್ದೆರಿ."

"ಪೂಜಿ ಆಮ್ಯಾಲೆ ಮಾಡೂಣು. ಮೊದಲ ಬೋಲ್ಟ್ ಬಿಗಿ ಮಾಡು."

ಅವಳು ಇಂಜಿನ್ ಆರಿಸಿ ಇಳಿದಳು. ಬೋಲ್ಟ್ ಬಿಗಿಸುವ ಪಾನಾ ಹಿಡಿದು ಮೇಲೆ ಹತ್ತುವಾಗಲೂ ಶರಣಕುಮಾರ ಚಪ್ಪಲಿ ಹಾಕಿಕೊಳ್ಳಲಿಲ್ಲ.