ಚಂದ್ರಹಾಸನ ಬಾಗಿಲ ಕೆಂಪು ದೀಪ

ನಮ್ಮ ಮಾದೇಶನ ಎದುರು ನಿಲ್ಲುವ ಗಂಡು ಮಂಡ್ಯದಲ್ಲಿ ಇನ್ನೂ ಹುಟ್ಟಿಲ್ಲ, ಬರೆದಿಟ್ಟುಕೊಳ್ಳಿ! ಅವನು ಕೈ ಎತ್ತುವುದೇ ಬೇಡ, ಡೈಲಾಗ್ ಹೊಡೆದರೆ ಸಾಕು.

ಆದರೂ ಬೀದಿಯಲ್ಲಿ ಈಗ ಅದೇ ಬೀದಿಯ ಹುಡುಗ ಚಂದ್ರಹಾಸನದೇ ಜಪ. ಮನಸ್ಸಿನ ಡಾಕ್ಟರ ಬಳಿ ಆಡಿದ ಗುಟ್ಟು ಅಲ್ಲೇ ಉಳಿಯುತ್ತದೆ. ಯಾರನ್ನಾದರೂ ಮುಗಿಸುತ್ತೇನೆ ಎಂದು ಅಲ್ಲಿ ಅಂದರೆ ಮಾತ್ರ, ಗುರಿಯಾದವರನ್ನು ಎಚ್ಚರಿಸಲು ಅವರ ಬಾಗಿಲ ಮೇಲೆ ಡಾಕ್ಟರು ಕೆಂಪು ದೀಪ ಹತ್ತಿಸುತ್ತಾರೆ. ಹಾಗೆ ಬೆದರಿಸಿದವರ ಹೆಸರು ಮಾತ್ರ ಹೊರಬೀಳುವುದಿಲ್ಲ. ಚಂದ್ರಹಾಸನ ಬಾಗಿಲಲ್ಲಿ ಅದು ಹತ್ತಿದಂದಿನಿಂದ ಅವನೇ ಹೀರೋ. ಮಾದೇಶ ಮನಸ್ಸು ಕೊಟ್ಟಿದ್ದ ರತ್ನಮಾಲ ಕೂಡ ಅವನ ಜಗಲಿಯಲ್ಲಿ ಕಾವಲು ಕೂತು ಕೋಡುಬಳೆ ತಿನ್ನಿಸುತ್ತಿದ್ದಳು.

"ಅವನಲ್ಲಿ ಅಂಥದ್ದೇನೈತೆ?" ಎಂದ ಮಾದೇಶ.

"ಅವನಿಗೊಬ್ಬ ವೈರಿ ಅವ್ನೆ ಕಣ್ಲಾ. ನಿನ್ ಬಾಗ್ಲಲ್ಲಿ ಒಂದ್ ಮಿಣುಕುಹುಳನೂ ಹತ್ತಲ್ವಲ್ಲ!" ಎಂದಳು ರತ್ನಮಾಲ.

ಮಾದೇಶ ಪಂಚೆ ಎತ್ತಿ ಕಟ್ಟಿದ. ಆ ಜಗಲಿಯ ಎದುರಿಗೇ ಇದ್ದ ಮನಸ್ಸಿನ ಡಾಕ್ಟರ್ ಶರ್ವಾಣಿಯ ಕೋಣೆಗೆ ಓಡಿದ.

"ಮೇಡಂ, ಆ ದೀಪ ಆರಿಸ್ಬುಡಿ!"

"ನಿನ್ನ ಹೊಟ್ಟೆಕಿಚ್ಚು ಆರಿದ್ರೆ ದೀಪಾನೂ ಆರುತ್ತೆ. ಆರಿದ್ಯಾ?"

ಕಿಟಕಿಯಾಚೆ ರತ್ನಮಾಲ ಚಂದ್ರಹಾಸನ ಗಲ್ಲ ಒರೆಸುತ್ತಿದ್ದಳು.

"ಇವತ್ತು ಅವ್ನ ಕತೆ ಫಿನಿಶ್ ಮೇಡಂ!"

"ಅಯ್ಯೋ, ಈಗ ನಾನು ಎಚ್ಚರಿಸ್ಲೇಬೇಕಲ್ಲಪ್ಪ," ಎಂದು ಡಾಕ್ಟರು ಗುಂಡಿ ಒತ್ತಿದರು.

ಚಂದ್ರಹಾಸನ ಬಾಗಿಲಲ್ಲಿ ಎರಡನೇ ದೀಪ ಹತ್ತಿತು. ಬೀದಿಯಲ್ಲಿ ಶಿಳ್ಳೆಯೋ ಶಿಳ್ಳೆ. ರತ್ನಮಾಲ ಇನ್ನೊಂದು ಕೋಡುಬಳೆ ಮುರಿದಳು.

ಇನ್ನು ನಿಜ ಹೇಳಿಬಿಡುತ್ತೇನೆ. ಮೊದಲ ದೀಪ ಹತ್ತಿಸಿದ್ದೂ ನಮ್ಮ ಮಾದೇಶನ ಡೈಲಾಗೇ. ಆ ಕೋಣೆಯ ಹೊರಗೆ ಅವನು ಇದುವರೆಗೆ ಒಂದು ನಾಯಿಗೂ ಗದರಿದವನಲ್ಲ.