ಜನನಿ ಕೊಟ್ಟದ್ದು

"ಮಾತ್ರೆ ನಿನ್ ಕಣ್ಣೆದುರೇ ನುಂಗಿದ್ರಾ ಅಕ್ಕಾ? ನಿಜ ಹೇಳು."

ಜನನಿಯ ದನಿಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಸೆಲ್ವಿ ತಲೆ ಎತ್ತಲಿಲ್ಲ.

"ಎರಡು ಹೊತ್ತೂ ನಾನೇ ಕೈಗೆ ಕೊಟ್ಟೆ. ಎಂಟು ಗಂಟೆ ಅಂದ್ರೆ ಎಂಟು ಗಂಟೆ."

ಒಳಗೆ ಮಾರಿಮುತ್ತುವಿಗೆ ಬಯಾಪ್ಸಿ ನಡೆಯುತ್ತಿತ್ತು. ಎರಡು ವರ್ಷದ ಹಿಂದೆ ಜನನಿ ಕೊಟ್ಟ ಕಿಡ್ನಿಗೆ ಸೂಜಿ ಇಳಿಸಿ ಚೂರು ತೆಗೆಯುತ್ತಿದ್ದರು. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್, ಇಷ್ಟು ದಿನ ಒಂದು ಪಾಯಿಂಟ್ ಎರಡು ದಾಟದಿದ್ದದ್ದು, ಈ ಸಲ ಎರಡು ಪಾಯಿಂಟ್ ಒಂಬತ್ತಕ್ಕೆ ಏರಿತ್ತು. ಸೆಲ್ವಿ ಫೋನಿನಲ್ಲಿ ಆ ಅಂಕಿ ಹೇಳಿದಾಗ ಜನನಿ ಸೋಮನೂರಿನ ಮಗ್ಗದ ಶೆಡ್ಡಿನಲ್ಲಿದ್ದಳು. ಮಗ್ಗ ನಿಲ್ಲಿಸಿ, ಸಿಕ್ಕ ಬಸ್ಸು ಹತ್ತಿದ್ದಳು. ಕೊಯಮತ್ತೂರು ಮುಟ್ಟಿದವಳೇ ನೇರ ಆಸ್ಪತ್ರೆಗೆ ಬಂದಿದ್ದಳು.

ಈ ಕಿಡ್ನಿ ಹೋದರೆ ಮತ್ತೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆ ಕೊಳವೆ, ನಾಲಿಗೆ ಒಣಗಿದರೂ ಅಳೆದು ಕುಡಿಯುವ ನೀರು, ಎಲ್ಲವೂ ಜನನಿಗೆ ಬಾಯಿಪಾಠ. ಪಕ್ಕದ ಹಾಸಿಗೆಯವರು ಒಂದು ದಿನ ಬಾರದೇ ಹೋಗುವುದನ್ನೂ ಅವಳು ನೋಡಿದ್ದಳು.

"ನಿನ್ ಮುಖ ನೋಡಕ್ಕೆ ಆಗ್ತಿಲ್ಲ ತಾಯಿ," ಸೆಲ್ವಿ ಬಿಕ್ಕಿದಳು. "ಇಷ್ಟು ದೊಡ್ಡದು ಕೊಟ್ಟೆ. ಕಾಪಾಡಕ್ಕೆ ಆಗಲಿಲ್ವಲ್ಲ ನನ್ಗೆ."

"ನೀ ಅಳಬೇಡ ಅಕ್ಕಾ. ನೀ ಹೀಗೆ ಅತ್ರೆ ಮನೇಲಿ ನನ್ಗೆ ಅನ್ನ ಇಳೀತದಾ?"

ಸಂಜೆ ಡಾಕ್ಟರ್ ವಿಜಯಕುಮಾರಿ ವರದಿ ಹಿಡಿದು ಬಂದರು. ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ದೇಹ ಈ ಕಿಡ್ನಿಯನ್ನು ಪರಕೀಯವೆಂದು ತಿಳಿದು ಅದರ ಮೇಲೆ ಬಿದ್ದಿದೆ. ಅದನ್ನು ತಡೆಯುವ ಮಾತ್ರೆಯ ಅಂಶ ರಕ್ತದಲ್ಲಿ ಇರಬೇಕಾದ್ದರ ಕಾಲು ಭಾಗವೂ ಇಲ್ಲ. ಮೂರು ದಿನ ಇಂಜೆಕ್ಷನ್ ಕೊಟ್ಟು ನೋಡುತ್ತೇವೆ. ಉಳಿಯಬಹುದು, ಉಳಿಯದೆಯೂ ಇರಬಹುದು.

ಜನನಿ ಯಾರನ್ನೂ ಕೇಳದೆ ಒಳಗೆ ನುಗ್ಗಿದಳು. ಮಾರಿಮುತ್ತು ಸೂರು ನೋಡುತ್ತ ಮಲಗಿದ್ದ.

"ಮಾತ್ರೆ ಎಲ್ಲಿಗೆ ಹೋಯ್ತು?"

ಅವನು ಬಲಗೈ ಚಾಚಿ ತೋರಿಸಿದ. ಒಂದು ಬೆರಳೂ ಅಲುಗಲಿಲ್ಲ.

"ಮಾತ್ರೆ ತಿಂದಾಗ ಈ ಕೈ ನಡುಗ್ತಿತ್ತು. ಕುರಿಚಿ ಫ್ಯಾಕ್ಟ್ರೀಲಿ ಲೇತ್ ಮಿಷಿನ್ ಮುಂದೆ ನಿಲ್ಲಕ್ಕೆ ಆಗ್ತಿರಲಿಲ್ಲ. ನಾಲ್ಕು ಪೀಸ್ ಹಾಳು ಮಾಡಿದೆ. ಗೇಟಲ್ಲಿ ವಾಚ್‌ಮ್ಯಾನ್ ಆಗಿ ಕೂತ್ಕೋ ಅಂದ್ರು ಯಜಮಾನ್ರು." ಅವನು ಕೈ ಹಿಂದೆಳೆದುಕೊಂಡ. "ಮಾತ್ರೆ ಬಾಯಲ್ಲಿ ಇಟ್ಕೊಂಡು, ಹಿತ್ತಲಿಗೆ ಹೋಗಿ ಉಗೀತಿದ್ದೆ. ಒಂದೂವರೆ ತಿಂಗಳಾಯ್ತು."

ಜನನಿ ಮಂಚದ ಪಕ್ಕದ ಸ್ಟೂಲ್ ಎಳೆದು ಕೂತಳು.

"ಡಾಕ್ಟರಮ್ಮನ ಹತ್ರ ಕೈ ನಡುಗ್ತದೆ ಅಂತ ಒಂದು ಮಾತು ಅಂದಿದ್ರೆ ಏನಾದ್ರೂ ದಾರಿ ಮಾಡ್ತಿದ್ರು. ಆ ಕಿಡ್ನಿ ನನ್ ಮೈಯಿಂದ ಬಂದದ್ದು. ನನ್ಗೂ ಒಂದು ಮಾತು ಹೇಳಬಾರದಿತ್ತಾ?"

ಮಾರಿಮುತ್ತು ಗೋಡೆಯತ್ತ ಮುಖ ತಿರುಗಿಸಿಕೊಂಡು ಅತ್ತ.

ಮರುದಿನ ಅಂಕಿ ಇಳಿಯಲಿಲ್ಲ, ಮೂರು ಪಾಯಿಂಟ್ ಒಂದಾಯಿತು. ಅದರ ಮರುದಿನವೂ ಅಷ್ಟೇ. ಇಬ್ಬರು ಹೆಂಗಸರೂ ಬೆಂಚು ಬಿಟ್ಟು ಏಳಲಿಲ್ಲ. ಸೆಲ್ವಿ ತಂದ ಇಡ್ಲಿ ಪೊಟ್ಟಣದಲ್ಲೇ ಹಳಸಿತು. ಒಳಗಿನ ಬಾಗಿಲು ಸದ್ದಾದಾಗಲೆಲ್ಲ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿಯುತ್ತಿದ್ದರು.

ನಾಲ್ಕನೆಯ ಬೆಳಿಗ್ಗೆ ನರ್ಸ್ ಚೀಟಿ ಹಿಡಿದು ಬಂದಳು. ಎರಡು ಪಾಯಿಂಟ್ ಒಂದು. ಇಳಿಯತೊಡಗಿತ್ತು.

"ಮಾರಿಮುತ್ತು ಹೆಂಡತಿ ಯಾರು? ಒಳಗೆ ಬನ್ನಿ."

ಸೆಲ್ವಿ ಸೆರಗಿನಿಂದ ಮುಖ ಒರೆಸಿಕೊಂಡು ಗಂಡನ ಬಳಿಗೆ ಓಡಿದಳು.

ಜನನಿ ಮನೆಗೆ ಫೋನ್ ಮಾಡಿದಳು. "ಮಾರಿಮುತ್ತಣ್ಣ ಉಳ್ಕೊಂಡ್ರು," ಎಂದಳು. ಆ ತುದಿಯಲ್ಲಿ ಅಳುತ್ತಿದ್ದವನು ಅವಳ ಗಂಡ ಸೆಂದಿಲ್. ಎರಡು ವರ್ಷದ ಹಿಂದೆ, ತಂತಮ್ಮ ಗಂಡಂದಿರಿಗೆ ರಕ್ತದ ಗುಂಪು ಹೊಂದದೆ ಇಬ್ಬರು ಹೆಂಡಿರೂ ಒಂದೇ ದಿನ ಕಿಡ್ನಿ ಅದಲುಬದಲು ಮಾಡಿಕೊಂಡಾಗ, ಸೆಲ್ವಿಯದನ್ನು ಪಡೆದವನು.